ಡಬ್ಲಿನ್‌ನಲ್ಲಿ ಬೂಟು ಬಿಚ್ಚಿದ ಶನಿವಾರ

ಕಾರ್ಕ್‌ನ ಕೆಂಟ್ ಸ್ಟೇಷನ್ನಿನಿಂದ ಡಬ್ಲಿನ್‌ಗೆ ಹೋಗುವ ಬೆಳಗಿನ ರೈಲು ಹೊರಟಾಗ ಹನಿಮಳೆ ಬೀಳುತ್ತಿತ್ತು. ಹೊರಟವರು ಮೂವರು: ನಾನು, ನಮ್ಮ ಕನ್ನಡ ಸಂಘದ ನಾಟಕ ನಿರ್ದೇಶಕ ರಘುನಂದನ್, ಅವರ ಹೆಂಡತಿ ಸುಮನಾ. ರಘು ಲಿಟಲ್ ಐಲ್ಯಾಂಡ್‌ನ ಒಂದು ಕಂಪನಿಯಲ್ಲಿ ಸಾಫ್ಟ್‌ವೇರ್ ನೋಡಿಕೊಳ್ಳುತ್ತಾರೆ. ಶನಿವಾರ ಭಾನುವಾರ ಬಂದರೆ ಸಾಕು, ರಂಗಕರ್ಮಿಯಾಗಿಬಿಡುತ್ತಾರೆ. ನಾನು ಸರ್ಕಾರಿ ಆಸ್ಪತ್ರೆಯಲ್ಲಿ ಅರಿವಳಿಕೆ ಕೊಡುವ ಡಾಕ್ಟರು. ನನ್ನ ಮಾತು ಕೇಳುವವರೆಲ್ಲ ಅರ್ಧ ವಾಕ್ಯಕ್ಕೇ ನಿದ್ದೆ ಹೋಗುವವರು.

ಮೈಸೂರಿನಲ್ಲಿ ಓದುವಾಗ ನಾನು ನಾಟಕ ಮಾಡುತ್ತಿದ್ದೆ. ಆಮೇಲೆ ಪರೀಕ್ಷೆ, ಮದುವೆ, ವೀಸಾ, ರಾತ್ರಿ ಡ್ಯೂಟಿ. ಇಪ್ಪತ್ತು ವರ್ಷದ ಮೇಲೆ ಈ ಸಲ ರಾಜ್ಯೋತ್ಸವಕ್ಕೆ ರಘು ಬರೆದ ನಾಟಕದಲ್ಲಿ ಸೂಲಗಿತ್ತಿಯ ಪಾತ್ರ ಸಿಕ್ಕಿತ್ತು. ಮುಖ್ಯ ಪಾತ್ರ ಅದೇ. ಅಡುಗೆ ಮಾಡುತ್ತಾ, ಕಾರು ಓಡಿಸುತ್ತಾ ಅದರ ಮಾತು ಒಪ್ಪಿಸಿಕೊಳ್ಳುತ್ತಿದ್ದೆ. ಕಳೆದ ಎಷ್ಟೋ ವರ್ಷದಲ್ಲಿ ನನಗೇ ಅಂತ ಬೇಕು ಅನ್ನಿಸಿದ್ದು ಅದೊಂದೇ.

ರೈಲು ಮ್ಯಾಲೋ ಸ್ಟೇಷನ್ ದಾಟುವ ಮೊದಲೇ ಸುಮನಾ ಪುಳಿಯೋಗರೆ ಡಬ್ಬಿ ತೆಗೆದಳು. ರಘು ಪಾಠ ಶುರು ಮಾಡಿದರು. ನಾವು ನೋಡಲು ಹೊರಟದ್ದು ಬ್ರೆಜಿಲ್‌ನ ಒಂದು ಪ್ರಾಯೋಗಿಕ ತಂಡದ ನಾಟಕ. ನಟರು ಬೆತ್ತಲೆ ಇರುತ್ತಾರೆ, ಪ್ರೇಕ್ಷಕರನ್ನೂ ಆಟಕ್ಕೆ ಸೇರಿಸಿಕೊಳ್ಳುತ್ತಾರೆ ಎಂದು ಟಿಕೆಟ್‌ನಲ್ಲೇ ಎಚ್ಚರಿಕೆ ಇತ್ತು.

"ತೋರಿಸ್ಕೊಳ್ಳೋಕೆ ಬಿಚ್ಚೋದಲ್ಲ ಡಾಕ್ಟ್ರೇ. ಅಲ್ಲಿ ಮಿಲಿಟರಿ ಆಳ್ವಿಕೆ ಇದ್ದಾಗ ಬಾಯಿ ಬಿಟ್ರೆ ಜೈಲು. ಆಗ ಮೈಯನ್ನೇ ಮುಂದಿಟ್ರು. ಪ್ರೇಕ್ಷಕ ಸುಮ್ನೆ ಕೂತು ನೋಡಿದ್ರೆ ಅದು ನಾಟಕಾನೇ ಅಲ್ಲ. ನಮ್ಮವರಿಗೆ ಇದೆಲ್ಲ ಎಲ್ಲಿ ಅರ್ಥ ಆಗತ್ತೆ? ಎದ್ರೆ ನಾಚಿಕೆ, ಕೂತ್ರೆ ನಾಚಿಕೆ."

"ನಿಮಗೆ ನಾಚಿಕೆ ಇಲ್ವೇನ್ರೀ?" ಎಂದಳು ಸುಮನಾ.

"ರಂಗದ ಮೇಲೆ ಇಲ್ಲ," ಎಂದರು. ಅಯ್ಯೋ, ನಾನು ನಂಬಿದೆ.

ಡಬ್ಲಿನ್‌ನ ಹ್ಯೂಸ್ಟನ್ ಸ್ಟೇಷನ್ನಿನಲ್ಲಿ ಇಳಿದಾಗ ಬಿಸಿಲಿತ್ತು, ಗಾಳಿ ಮಾತ್ರ ಕಿವಿ ಕೊರೆಯುತ್ತಿತ್ತು. ರಘುಗೆ ಒಳ್ಳೆಯ ಕಾಫಿಯೇ ಬೇಕಾಗಿ ಎರಡು ಅಂಗಡಿ ಸುತ್ತಿದೆವು. ಟ್ರಾಮ್ ಹಿಡಿದು, ನದಿಯ ಆಚೆಯ ಹಳೆಯ ಗೋದಾಮು ತಲುಪುವಷ್ಟರಲ್ಲಿ ಹೊತ್ತು ಮೀರಿತ್ತು. ಬಾಗಿಲಲ್ಲಿದ್ದ ಐರಿಷ್ ಹುಡುಗಿ ನಮ್ಮ ಫೋನುಗಳನ್ನು ಇಸಿದುಕೊಂಡು, "ಗ್ರ್ಯಾಂಡ್, ಗ್ರ್ಯಾಂಡ್, ಪರವಾಗಿಲ್ಲ, ಈಗಷ್ಟೇ ಶುರುವಾಯ್ತು" ಎಂದು ಒಳಗೆ ತಳ್ಳಿದಳು.

ಎತ್ತರದ ವೇದಿಕೆ ಇರಲಿಲ್ಲ. ಬಿಳಿ ಬಟ್ಟೆ ಹಾಸಿದ ನೆಲವೇ ರಂಗ. ಬೆಂಚುಗಳು ಆಚೆ ಬದಿಗೆ. ರಂಗ ದಾಟಿಯೇ ಹೋಗಬೇಕು. ಅಂಚಿನಲ್ಲಿ ಕೆಲವು ಬೂಟು, ಒಂದು ಟೋಪಿ, ಎರಡು ಮಫ್ಲರ್ ಬಿದ್ದಿದ್ದವು. ನಮಗೇನು ಯೋಚನೆ? ಬೂಟು ಕಂಡ ಕಡೆ ಬೂಟು ಬಿಡುವ ಜನ ನಾವು. ಅದೂ ರಂಗದ ಮೇಲೆ ಮೆಟ್ಟಿಕೊಂಡು ಹೋಗುವುದೆಂದರೇನು? ನಾನೂ ರಘುವೂ ಬೂಟು ಬಿಚ್ಚಿ, ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡು ದಾಟಿದೆವು. ಸುಮನಾಳದು ಮೊಣಕಾಲುದ್ದದ ಬೂಟು. ಬಿಚ್ಚುವುದು ರಗಳೆ ಎಂದು ಗೋಡೆಗೆ ಒತ್ತಿಕೊಂಡು ಸುತ್ತಿ ಬಂದಳು.

ನಟರು ಹತ್ತು ಹನ್ನೆರಡು ಮಂದಿ, ಯಾರ ಮೈಮೇಲೂ ನೂಲೆಳೆ ಇರಲಿಲ್ಲ. ದಪ್ಪಗಿನವರು, ಸೊರಗಿದವರು, ಮುದುಕರು. ಮೊದಮೊದಲು ನನ್ನ ಕಣ್ಣಿಗೆ ಆಪರೇಷನ್ ಗಾಯ, ಉಬ್ಬಿದ ನರ ಇವೇ ಕಂಡವು. ಹಾಡುತ್ತಾ ಹತ್ತಿರ ಬಂದಂತೆ ಮನುಷ್ಯರು ಕಂಡರು.

ಒಬ್ಬ ಯುವಕ ರಘುವಿನ ಕಂದು ಬೂಟನ್ನು ಪ್ರಸಾದದ ಹಾಗೆ ಎರಡೂ ಕೈಯಲ್ಲಿ ಹಿಡಿದು ಬಂದು ಅವರ ಮುಂದೆ ನಿಂತ, ಆಟಕ್ಕೆ ಬನ್ನಿ ಎಂದು ಕೈ ಚಾಚಿದ. ನಾವು ಕಾಫಿ ಕುಡಿಯುವಾಗ ಆಗಿಹೋಗಿದ್ದ ಸೂಚನೆ ಏನೆಂದು ಆಗ ಪಕ್ಕದವರಿಂದ ತಿಳಿಯಿತು: ಆಟದಲ್ಲಿ ಸೇರಲು ಒಪ್ಪಿದವರು ಮೈಮೇಲಿನ ಏನಾದರೊಂದನ್ನು ಅಂಚಿನಲ್ಲಿ ಬಿಡಬೇಕಂತೆ.

ರಘು ಬ್ಯಾಗನ್ನು ಎದೆಗೆ ಅವುಚಿಕೊಂಡರು. "ನೋ ನೋ, ನಾನಲ್ಲ. ಅವರು, ಅವರು! ಅವರು ನಟಿ!" ಎಂದು ಇಂಗ್ಲಿಷಿನಲ್ಲಿ ಕೂಗಿ ನನ್ನ ಕಡೆ ಬೆರಳು ಮಾಡಿದರು. ಇಡೀ ಸಭೆ ನನ್ನತ್ತ ತಿರುಗಿತು. ನನಗೆ ಮೈ ಉರಿದುಹೋಯಿತು.

ನನ್ನ ಬೂಟು ತಂದವಳು ಅರವತ್ತು ದಾಟಿದ ನಟಿ. ಅವಳಿಗೆ ಒಂದು ಮೊಲೆ ಇರಲಿಲ್ಲ. ಅಲ್ಲಿ ಅಡ್ಡ ಗಾಯದ ಗೆರೆ. ಮೆಲ್ಲಗೆ, ಹರಕು ಇಂಗ್ಲಿಷಿನಲ್ಲಿ, "ಅವರು ಹೇಳಿದ್ದು ಬಿಡು. ನಿನಗೆ ಇಷ್ಟವಿದ್ದರೆ ಬಾ," ಎಂದಳು.

"ಬಟ್ಟೆ?" ಎಂದೆ.

"ಅದೂ ನಿನ್ನಿಷ್ಟ."

ಕುರ್ತಾದ ತೋಳು ಮಡಚಿಕೊಂಡು ಎದ್ದೆ. ನಡುವೆ ಒಂದು ಮಣೆ, ಬೋಗುಣಿಯಲ್ಲಿ ಬಿಸಿನೀರು. ಅವಳು ಕೂತು ನನಗೆ ಬೆನ್ನು ಕೊಟ್ಟಳು. ತೊಳೆಯತೊಡಗಿದೆ. ಹಬ್ಬದ ದಿನ ಅಜ್ಜಿಯ ಬೆನ್ನು ಉಜ್ಜಿದ ಕೈಗೆ ಹೇಳಿಕೊಡಬೇಕಾಗಲಿಲ್ಲ. ಎದೆಯ ಗೆರೆ ಮುಟ್ಟಿಕೊಂಡು, "ಇದನ್ನು ಕೊಯ್ದಾಗ ನಾನು ನಿದ್ದೆಯಲ್ಲಿದ್ದೆ. ಅಲ್ಲಿದ್ದ ಒಬ್ಬರ ಮುಖವೂ ನೆನಪಿಲ್ಲ," ಎಂದಳು. ಅಂಥ ಕೋಣೆಯಲ್ಲಿ ತಲೆಯ ಹತ್ತಿರ ಕೂರುವವಳು ನಾನೇ. "ನಿನ್ನ ಭಾಷೆಯಲ್ಲಿ ಏನಾದರೂ ಹೇಳು," ಎಂದಳು.

ಬಾಯಿಗೆ ಬಂದದ್ದು ಸೂಲಗಿತ್ತಿಯ ಮಾತು. "ಬಾ ಮಗಾ, ಹೆದರಬ್ಯಾಡ. ನನ್ ಕೈಗೆ ಬಿದ್ದೋರು ಯಾರೂ ನೆಲಕ್ಕೆ ಬಿದ್ದಿಲ್ಲ." ಅಲ್ಲಿಂದ ಮುಂದೆ ಇಡೀ ದೃಶ್ಯ ಹೇಳಿದೆ. ಎಲ್ಲೂ ತಡವರಿಸಲಿಲ್ಲ. ಅವಳು ತಿರುಗಿ ನನ್ನ ಒದ್ದೆ ಕೈಗಳನ್ನು ಹಿಡಿದುಕೊಂಡಳು. ತಲೆ ಎತ್ತಿ ನೋಡಿದರೆ ಸುಮನಾ ಕಣ್ಣೊರೆಸಿಕೊಳ್ಳುತ್ತಿದ್ದಳು. ಅವಳ ಪಕ್ಕದಲ್ಲಿ ರಘು ಬಗ್ಗಿ, ವಾಪಸು ಸಿಕ್ಕಿದ ಬೂಟಿನ ಲೇಸು ಕಟ್ಟಿಕೊಳ್ಳುತ್ತಿದ್ದರು.

ಹೊರಗೆ ಬಂದು ಫೋನು ಕೈಗೆ ಸಿಕ್ಕಿದ್ದೇ ತಡ, ರಘು ದೂರ ಹೋಗಿ ಮಾತಿಗೆ ನಿಂತರು. ಹ್ಯೂಸ್ಟನ್ ಪ್ಲಾಟ್‌ಫಾರ್ಮಿನಲ್ಲೂ ಅದೇ. ನಾವಿಬ್ಬರು ಚಹಾ, ಚಿಪ್ಸ್ ತೆಗೆದುಕೊಂಡೆವು. ಸುಮನಾ, "ಅಕ್ಕಾ, ನೀವು ಹೇಳ್ತಿದ್ರೆ ಮೈ ಜುಮ್ಮಂತು," ಎಂದಳು. ಖುಷಿಗೆ ನನ್ನ ಕಾಲು ಇನ್ನೂ ನೆಲ ಮುಟ್ಟಿರಲಿಲ್ಲ.

ಪೋರ್ಟ್‌ಲೀಶ್ ಸ್ಟೇಷನ್ ದಾಟಿದ ಮೇಲೆ ವಾಪಸು ರೈಲಿನಲ್ಲಿ ರಘು ಗಂಟಲು ಸರಿಮಾಡಿಕೊಂಡರು. "ಡಾಕ್ಟ್ರೇ, ತಪ್ಪು ತಿಳ್ಕೋಬೇಡಿ. ಸಂಘದ ಕಮಿಟಿಯವರ ಜೊತೆ ಫೋನಲ್ಲಿ ಮಾತಾಡಿದೆ. ಬೆತ್ತಲೆ ಗಂಡಸರ ಮಧ್ಯೆ ನಮ್ಮ ನಾಯಕಿ ಹೋಗಿ ನಿಂತ್ರು ಅಂದ್ರೆ... ಫ್ಯಾಮಿಲಿಗಳು ಬರೋ ಕಾರ್ಯಕ್ರಮ ನೋಡಿ. ಪಾತ್ರ ಸುಮನಾ ಮಾಡ್ಲಿ ಅಂತ."

"ಕಮಿಟಿಗೆ ಹೇಳಿದ್ಯಾರು?"

"ನಾಳೆ ಬೇರೆಯವರಿಂದ ಗೊತ್ತಾಗೋ ಬದಲು ನಾನೇ ಹೇಳಿದೆ."

"ನೀವು ಬೆರಳು ತೋರಿಸಿದ್ದೂ ಹೇಳಿದ್ರಾ?"

ಕಿಟಕಿಯಾಚೆ ದನಗಳಿದ್ದುವು, ರಘು ಅವನ್ನು ನೋಡಿದರು. ಥೂ, ಇಂಥವರ ಮಾತು ಕೇಳಿಕೊಂಡು ಬೆಳಗಿನಿಂದ ತಲೆಯಾಡಿಸಿದೆನಲ್ಲ!

ಸುಮನಾಳ ಮುಖ ಕೆಂಪಾಯಿತು. "ನನ್ನ ಒಂದು ಮಾತು ಕೇಳಿದ್ರೇನ್ರೀ? ಅಷ್ಟುದ್ದ ಮಾತು ನಂಗೆ ಬಾಯಿಪಾಠ ಆಗಲ್ಲ."

"ಅದಕ್ಕೇನು? ಡಾಕ್ಟ್ರಿಗೆ ಇಡೀ ನಾಟಕ ಬರತ್ತೆ. ಪರದೆ ಹಿಂದೆ ನಿಂತು ಹೇಳಿಕೊಡ್ತಾರೆ. ಅಲ್ಲಿದ್ರೆ ಯಾರ ಕಣ್ಣಿಗೂ ಬೀಳಲ್ಲ, ಯಾರೂ ಏನೂ ಅನ್ನಲ್ಲ." ದೊಡ್ಡ ಉಪಕಾರ ಮಾಡುವವರ ಹಾಗೆ ಹೇಳಿದರು.

"ಬೇಡ ರಘು ಅವರೇ," ಎಂದೆ. "ಆ ಪಾತ್ರ ನಾನು ಇವತ್ತು ಮಾಡಿ ಮುಗಿಸಿದೆ. ನೀವು ಬಗ್ಗಿ ಬೂಟು ಕಟ್ಕೋತಿದ್ರಿ."

ಕಾರ್ಕ್ ಸ್ಟೇಷನ್ನಿನ ಹೊರಗೆ ರಘು, ಕಾರಿನಲ್ಲಿ ಮನೆಗೆ ಬಿಡುತ್ತೇನೆ ಎಂದರು. ನಾನು ಬಸ್ಸಿಗೆ ನಿಂತೆ. ನಾಟಕದ ದಿನ ಆಸ್ಪತ್ರೆಯಲ್ಲಿ ಡ್ಯೂಟಿ ಕೇಳಿ ಹಾಕಿಸಿಕೊಂಡೆ.