ಒಂದೇ ಅಳತೆಯ ಬಳೆಗಳು

ಬಳೆ ಇಡಿಸಿಕೊಳ್ಳಲು ಕೂತವರು ಬಳೆ ಕೈಗೆ ತಾಗುವ ಮೊದಲೇ ಮುಖ ಕಿವುಚುತ್ತಾರೆ. ಗಬ್ಬೂರಿನ ನಜ್ಮಾ ಇದನ್ನು ದಿನಾ ನೋಡುತ್ತಾಳೆ. ಅತ್ತೆಯಿಂದ ಕಲಿತ ಕಸುಬು. ಅತ್ತೆ ತಲೆಯ ಮೇಲೆ ಬುಟ್ಟಿ ಹೊತ್ತು ತಿರುಗಿದವಳು; ಸೊಸೆಗೆ ಸ್ಕೂಟಿ ಇದೆ, ಗಂಡ ಇಕ್ಬಾಲನ ಗ್ಯಾರೇಜಿನ ಪಕ್ಕ ಪುಟ್ಟ ಅಂಗಡಿಯೂ ಇದೆ. ಆದರೂ ಕುಬಸಕ್ಕೆ, ಅಂದರೆ ಸೀಮಂತಕ್ಕೆ, ಕರೆ ಬಂದರೆ ಅಂಗಡಿಗೆ ಬೀಗ ಜಡಿದು ಹೊರಟೇಬಿಡುತ್ತಾಳೆ. ಬಸುರಿಯ ಕೈಗೆ ಹಸಿರು ಬಳೆ ಏರಿಸುವುದೆಂದರೆ ಅವಳಿಗೆ ಅಷ್ಟು ಹಿಗ್ಗು. ಅವಳ ಸ್ಕೂಟಿಗೆ ಬ್ರೇಕ್ ಇದೆ, ಮಾತಿಗೆ ಇಲ್ಲ.

ಅಂದು ಕರೆದವಳು ಗೋಪನಕೊಪ್ಪದ ಬಾಳವ್ವ, ಹತ್ತಿ ವ್ಯಾಪಾರದ ಮನೆಯ ಹಿರಿಯಳು. ಸೊಸೆ ಶಾಂಭವಿಯ ಕುಬಸ. ನಜ್ಮಾ ಚಾಪೆಯ ಮೇಲೆ ಬಳೆ ಹರಡಿ ಹುಡುಗಿಯ ಕೈ ಹಿಡಿದಳು. ಅಳತೆ ತೆಗೆದುಕೊಂಡದ್ದು ಹಿಂದಿನ ತಿಂಗಳು. ಈಗ ಕೈ ಬಾತುಕೊಂಡಿತ್ತು. ತಂದದ್ದೆಲ್ಲ ಹಳೆಯ ಅಳತೆಯವೇ. ಒತ್ತಿದರೆ ಏರುತ್ತವೆ, ಆದರೆ ನೋಯದೆ ಏರುವುದಿಲ್ಲ.

ಅದರ ಮೇಲೆ ಶಾಂಭವಿಗೆ ಗಾಜಿನ ಬಳೆಯೆಂದರೆ ಜೀವ ಹೋಗುವಷ್ಟು ಭಯ. ಚಿಕ್ಕಂದಿನಲ್ಲಿ ಯಾರೋ ಏರಿಸುವಾಗ ಬಳೆ ಒಡೆದು ಕೈ ಕೊಯ್ದಿತ್ತು. ಮದುವೆಯಲ್ಲೂ ತೀರಾ ದೊಡ್ಡ ಅಳತೆಯ ಬಳೆ ತೊಟ್ಟು ಪಾರಾಗಿದ್ದಳು. ಈಗಲೂ ಅವಳು ಕೈ ಎಳೆದುಕೊಂಡರೆ ಬಳೆ ಒಡೆಯುವುದು ಖಂಡಿತ. ಕುಬಸದ ದಿನ ಬಸುರಿಯ ಕೈಯಲ್ಲಿ ಬಳೆ ಒಡೆದರೆ ಆ ಮನೆಯವರು ಹೆರಿಗೆ ಆಗುವವರೆಗೂ ಅದನ್ನೇ ಅಪಶಕುನವೆಂದು ನೆನೆದು ಹೆದರುತ್ತಾರೆ. ಶಾಂಭವಿಗೆ ಇದೂ ಗೊತ್ತಿತ್ತು. ತನ್ನಿಂದ ಆಗುವುದಿಲ್ಲ ಎಂದು ನಜ್ಮಾಳ ಕಿವಿಯಲ್ಲಿ ಪಿಸುಗುಟ್ಟಿದಳು.

ನಜ್ಮಾ ಕಣ್ಣು ಮಿಟುಕಿಸದೆ ಸುಳ್ಳು ಹೇಳಿದಳು.

"ಈ ಮೊದಲನೇದು ಸಣ್ಣ ಅಳತೀದು ಬಂದೈತಿ ತಂಗಿ, ಖರೇನ ನೋಯ್ತೈತಿ. ಇದೊಂದು ತಡ್ಕೋ. ಉಳಿದವೆಲ್ಲಾ ದೊಡ್ಡವು, ಜಾರ್ಕೊಂಡು ಹೋಗ್ತಾವ."

ಮೊದಲನೆಯದಕ್ಕೆ ಶಾಂಭವಿಯ ಕಣ್ಣಲ್ಲಿ ನೀರು ಬಂತು. ಎರಡನೆಯದಕ್ಕೆ ಬೆರಳುಗಳ ಬಿಗಿ ಸಡಿಲವಾಯಿತು. ಮೂರನೆಯದಕ್ಕೆ, ಇದು ದೊಡ್ಡದು ಹೌದು, ಅಷ್ಟು ನೋಯಲಿಲ್ಲ ಎಂದಳು. ಅದೇ ಕೈ, ಅದೇ ಅಳತೆ, ಒತ್ತಿದ್ದೂ ಅಷ್ಟೇ. ನೋವು ಎಷ್ಟು ಬರಬಹುದು ಎಂದು ಮೆದುಳು ಮೊದಲೇ ಅಂದಾಜು ಕಟ್ಟಿಕೊಂಡಿರುತ್ತದೆ, ಆ ಅಂದಾಜಿನಂತೆಯೇ ನೋವು ಹೆಚ್ಚು ಕಡಿಮೆ ಆಗುತ್ತದೆ ಎಂದು ಡಾಕ್ಟರುಗಳು ಹೇಳುತ್ತಾರಂತೆ. ನಜ್ಮಾ ಅದನ್ನೆಲ್ಲ ಕೇಳಿದವಳಲ್ಲ. ಆ ಹೊತ್ತಿಗೆ ಒಂದು ಸುಳ್ಳು ಬೇಕಿತ್ತು, ಹೇಳಿದಳು.

ಬಲಗೈ ತುಂಬಿತು. ಅಷ್ಟರಲ್ಲಿ ಬಾಳವ್ವ ಸುಮ್ಮನಿರಲಾರದೆ ಗೊಂಚಲಿನಿಂದ ಎರಡು ಬಳೆ ತೆಗೆದು ಒಂದರ ಮೇಲೊಂದು ಇಟ್ಟು ನೋಡಿದಳು.

"ಎಲ್ಲಾ ಒಂದ ಅಳತೀವು ಅದಾವಲ್ಲ ನಜ್ಮಾ. ದೊಡ್ಡವು ಎಲ್ಲಿ ಅದಾವು?"

ನಜ್ಮಾಳ ಹಿಡಿಯಲ್ಲಿದ್ದ ಶಾಂಭವಿಯ ಎಡಗೈ ಮತ್ತೆ ಕಟ್ಟಿಗೆಯಂತೆ ಬಿಗಿಯಿತು. ನಜ್ಮಾ, ಹೋದ ತಿಂಗಳ ಅಳತೆಯನ್ನೇ ನಂಬಿ ಬಂದದ್ದು ತನ್ನದೇ ತಪ್ಪು, ದೊಡ್ಡವು ಒಂದೂ ಇಲ್ಲ ಎಂದು ತಲೆ ತಗ್ಗಿಸಿ ಒಪ್ಪಿಕೊಂಡಳು.

ಶಾಂಭವಿ ತನ್ನ ಬಲಗೈಯನ್ನು ತಿರುಗಿಸಿ ತಿರುಗಿಸಿ ನೋಡಿದಳು. ಅಲುಗಿಸಿದಳು. ಬಳೆಗಳು ಗಲ್ ಎಂದವು. ಅವಳಿಗೆ ನಗು ತಡೆಯಲಾಗಲಿಲ್ಲ.

"ಈ ಕೈಗೂ ಅದ ಸುಳ್ಳು ಹೇಳ್ರಿ ಆಪಾ."

"ಗೊತ್ತಾದ ಮ್ಯಾಲೆ ಹೆಂಗ ನಂಬ್ತೀ?"

"ನೀವು ಹೇಳ್ರಿ. ನಾ ನಂಬ್ತೇನಿ."

ನಜ್ಮಾ ಗಂಭೀರವಾಗಿ ಮತ್ತೆ ಅದನ್ನೇ ಹೇಳಿದಳು. ಈ ಸಲ ಕೂತ ಹೆಂಗಸರೂ ದನಿಗೂಡಿಸಿದರು. ಮೊದಲನೆಯದು ನೋಯಿತು, ಉಳಿದವು ನಗುನಗುತ್ತಲೇ ಏರಿದವು. ಒಂದೂ ಒಡೆಯಲಿಲ್ಲ. ಶಾಂಭವಿ ಎರಡೂ ಕೈಗಳನ್ನು ಕಿವಿಯ ಹತ್ತಿರ ಹಿಡಿದು ಸಣ್ಣ ಹುಡುಗಿಯಂತೆ ಅಲುಗಿಸುತ್ತ ಕೂತಳು. ಅದನ್ನು ನೋಡಿ ನಜ್ಮಾಳಿಗೆ ಸಂತೋಷದಿಂದ ಕಣ್ಣು ತುಂಬಿ ಬಂತು.

ಯಾರೋ ತನ್ನ ಮೊಣಕಾಲು ತಟ್ಟಿದಂತಾಯಿತು. ಬಾಳವ್ವ ಎದುರಿಗೆ ಬಂದು ಕೂತಿದ್ದಳು. ಗೆಣ್ಣು ಗಂಟಾಗಿ, ನೋವಿಗೆ ಹೆದರಿ ವರ್ಷಗಟ್ಟಲೆ ಹೊಸ ಬಳೆ ಇಡಿಸಿಕೊಳ್ಳದ ಕೈಯನ್ನು ಮುಂದೆ ಚಾಚಿದ್ದಳು.

"ನನಗೂ ಆ ದೊಡ್ಡ ಅಳತೀವ ಇಡಸು."

ನಜ್ಮಾ ಅದೇ ಗೊಂಚಲಿನಿಂದ ಒಂದು ಬಳೆ ಬಿಡಿಸಿಕೊಂಡಳು.

"ಇದೊಂದು ಸಣ್ಣದೈತ್ರಿ ಬಾಳವ್ವಾರ, ಸ್ವಲ್ಪ ತಡಕೊಳ್ರಿ."