ಮೇಲಿನ ಕೆರೆಗೆ ಕಾಯದ ಲೆಕ್ಕ

ನಾನು ಕೋಲಾರದ ಕಾಲೇಜೊಂದರಲ್ಲಿ ಕಂಪ್ಯೂಟರ್ ಪಾಠ ಮಾಡುತ್ತೇನೆ. ಸಿವಿಲ್ ವಿಭಾಗದಲ್ಲಿ ನಂಗಲಿ ಕಡೆಯ ಮೇಷ್ಟ್ರೊಬ್ಬರಿದ್ದಾರೆ. ಮುಳಬಾಗಿಲು, ಶ್ರೀನಿವಾಸಪುರ ಸುತ್ತಿನ ಸಾಲುಕೆರೆಗಳಲ್ಲಿ ನೀರು ಹೇಗೆ ಇಳಿಯುತ್ತದೆಂದು ಲೆಕ್ಕ ಹಾಕುವ ಪ್ರೋಗ್ರಾಂ ಅವರದು. ಮೇಲಿನ ಕೆರೆ ತುಂಬಿ ಕೋಡಿ ಹರಿದರೆ ಆ ನೀರು ಕೆಳಗಿನ ಕೆರೆಗೆ ಬರುತ್ತದೆ. ಹಾಗಾಗಿ ಮೇಲಿನದರ ಲೆಕ್ಕ ಮುಗಿಯದೆ ಕೆಳಗಿನದು ಶುರುವಾಗುವಂತಿಲ್ಲ. ಬೆಳಿಗ್ಗೆ ಓಡಿಸಿದರೆ ಊಟದ ಹೊತ್ತಾದರೂ ಮುಗಿಯುತ್ತಿರಲಿಲ್ಲ.

“ಎಂಟು ಕೋರ್ ಇರೋ ಪ್ರೊಸೆಸರ್ ಅಂತ ತಗೊಂಡ್ವಿ. ಒಂದು ದುಡೀತೈತೆ, ಮಿಕ್ಕವು ಸುಮ್ನೆ ಕೂತವೆ. ಏನಾದ್ರೂ ಮಾಡಿ ಮೇಡಂ,” ಎಂದರು.

ನಾನು ಮಾಡಿದ್ದಿಷ್ಟೆ. ಮೇಲಿನ ಕೆರೆ ಕೋಡಿ ಹರಿಯುವುದಿಲ್ಲ ಎಂದು ಊಹಿಸಿ, ಕೆಳಗಿನ ಕೆರೆಗಳ ಲೆಕ್ಕವನ್ನು, ಪ್ರೊಸೆಸರಿನೊಳಗೆ ತಮ್ಮಷ್ಟಕ್ಕೆ ಲೆಕ್ಕ ಮಾಡಬಲ್ಲ ಮಿಕ್ಕ ಕೋರ್‌ಗಳಲ್ಲಿ ಮೊದಲೇ ಶುರು ಮಾಡಿಸಿದೆ. ಊಹೆ ನಿಜವಾದರೆ ಆ ಲೆಕ್ಕ ಉಳಿಯುತ್ತದೆ. ಸುಳ್ಳಾದರೆ ಅಳಿಸಿ ಹೊಸದಾಗಿ ಮಾಡಬೇಕು. ಮಳೆ ಕಡಿಮೆಯಾದ ವರ್ಷವೊಂದರ ಅಂಕಿಗಳನ್ನು ಹಾಕಿದೆವು. ಕ್ಯಾಂಟೀನಿನಿಂದ ಟೀ ಬರುವಷ್ಟರಲ್ಲಿ ಮುಗಿದೇಹೋಯಿತು. ಮೇಷ್ಟ್ರು ನನ್ನ ಕೈ ಕುಲುಕಿದರು.

ಮಾರನೆಯ ದಿನ ಅವರು ಮಳೆ ಚೆನ್ನಾಗಿ ಬಂದ ವರ್ಷದ ಅಂಕಿ ತಂದರು. ಉತ್ತರ ಸರಿಯಾಗಿಯೇ ಬಂತು. ಎಂಟೂ ಕೋರ್ ಬಿಡುವಿಲ್ಲದೆ ದುಡಿದಿದ್ದವು. ಆದರೂ ಹಳೆಯ ಪ್ರೋಗ್ರಾಮಿಗಿಂತ ತಡವಾಗಿತ್ತು! ಕೋಡಿ ಹರಿದ ಕಡೆಯೆಲ್ಲ ಊಹೆ ಸುಳ್ಳಾಗಿ ಲೆಕ್ಕ ಮತ್ತೆ ಮಾಡಬೇಕಾಯಿತು ಸರಿ, ಹಳೆಯದಕ್ಕಿಂತಲೂ ತಡವೇಕೆಂದು ನನಗೆ ತಲೆಬುಡ ತಿಳಿಯಲಿಲ್ಲ. ಹರಿಯುತ್ತದೆ ಎಂದೇ ಊಹಿಸೋಣವೆಂದು ತಿದ್ದಿದೆ. ಆಗ ಎಷ್ಟು ನೀರು ಹರಿಯುತ್ತದೆ ಎಂಬುದನ್ನೂ ಊಹಿಸಬೇಕಾಯಿತು. ಅದು ಒಂದು ಸಲವೂ ಸರಿಬೀಳಲಿಲ್ಲ. ಮಾಡಿದ್ದೆಲ್ಲ ಅಳಿಸುವುದೇ ಕೆಲಸವಾಯಿತು.

ವಕ್ಕಲೇರಿಯ ಮನೆಯಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತಿದ್ದಾಗ ಅತ್ತಿಗೆ ಬಂದು ನೋಡಿದರು. ಇರುವ ವಿಷಯ ಹೇಳಿದೆ.

“ಬಿಸಾಕೋ ಲೆಕ್ಕಾನ ಯಾಕೆ ಮಾಡಿಸ್ತೀಯಾ?”

“ಬಿಸಾಕ್ಬೇಕಾಗುತ್ತೆ ಅಂತ ಮಾಡಿದ್ಮೇಲೇ ಗೊತ್ತಾಗೋದು ಅತ್ತಿಗೆ.”

“ಏನೋ ಕಣಮ್ಮ, ನಂಗರ್ಥ ಆಗಲಿಲ್ಲ,” ಎಂದು ಹಾಲು ಹಾಕಲು ಡೇರಿಗೆ ಹೊರಟರು. ಹೇಳಿದ ನನಗಾದರೂ ಅರ್ಥವಾಗಿತ್ತೇ?

ಸೋಮವಾರ ಮೇಷ್ಟ್ರು ಸುಲಭದ ದಾರಿ ಹುಡುಕಿದ್ದರು. “ಮಳೆ ಇಲ್ದಿದ್ರೆ ನಿಮ್ದು, ಮಳೆ ಆದ್ರೆ ಹಳೇದು. ಸರೇನಾ?”

“ಬರೋ ವರ್ಷದ ಲೆಕ್ಕ ಮಾಡ್ಬೇಕಾದ್ರೆ ಸಾರ್? ಮಳೆ ಬರುತ್ತೋ ಇಲ್ವೋ, ಅದನ್ನೂ ಊಹಿಸ್ಬೇಕಲ್ಲ?”

ಕೊನೆಗೆ ಒಂದು ಕೋರ್‌ನಲ್ಲಿ ಹಳೆಯ ಪ್ರೋಗ್ರಾಂ, ಉಳಿದವುಗಳಲ್ಲಿ ನನ್ನದು, ಎರಡನ್ನೂ ಒಟ್ಟಿಗೆ ಓಡಿಸಿದೆವು. ಯಾವುದು ಮೊದಲು ಮುಗಿಯುತ್ತದೋ ಅದರ ಉತ್ತರ ಇಟ್ಟುಕೊಂಡು ಇನ್ನೊಂದನ್ನು ನಿಲ್ಲಿಸುವುದು. ಈಗಲೂ ಹಾಗೇ ನಡೆಯುತ್ತಿದೆ. ಒಮ್ಮೊಮ್ಮೆ ನನ್ನದು ಗೆಲ್ಲುತ್ತದೆ, ಒಮ್ಮೊಮ್ಮೆ ಹಳೆಯದು. ಯಾವಾಗ ಯಾವುದು ಎಂದು ಮೊದಲೇ ಹೇಳಲು ನನಗೆ ಬರುವುದಿಲ್ಲ.

“ಇದನ್ನ ಒಂದು ರಿಸರ್ಚ್ ಪೇಪರ್ ಮಾಡಿ ಬರೀರಿ ಮೇಡಂ,” ಎಂದರು ಮೇಷ್ಟ್ರು.

“ಏನಂತ ಬರೀಲಿ ಸಾರ್?”

ತಮಾಷೆ ಎಂದುಕೊಂಡು ಅವರು ನಕ್ಕರು. ನಾನು ನಿಜವಾಗಿಯೇ ಕೇಳಿದ್ದೆ.