ಡಾಕ್ಟರರಿಗೆ ಹೇಳದೆ ಬಿಟ್ಟ ಮಾತು

ಚೆಂಬೂರಿನ ಒಂದು ಹೆಂಗಸರ ದವಾಖಾನೆಯಲ್ಲಿ ನಾನು ಕೇಸ್ ಪೇಪರ್ ಬರೆಯುವ ಕೆಲಸದಲ್ಲಿದ್ದೆ. ಐವತ್ತರ ದಶಕದ ನಡುವಿನ ಮಾತು. ಧಾರವಾಡದಲ್ಲಿ ಮ್ಯಾಟ್ರಿಕ್ ಮುಗಿಸಿ ಅಣ್ಣನ ಮನೆಗೆ ಬಂದವಳು, ಮದುವೆಯಾಗಿರಲಿಲ್ಲ. ಮರಾಠಿ, ಇಂಗ್ಲಿಷ್ ಎರಡೂ ಬರುತ್ತಿದ್ದುದರಿಂದ, ಕನ್ನಡವೊಂದೇ ಬಲ್ಲ ಹೆಂಗಸರು ಬಂದರೆ ಡಾಕ್ಟರರ ಪಕ್ಕದಲ್ಲಿ ನಿಂತು ಮಾತು ದಾಟಿಸುವುದೂ ನನ್ನ ಪಾಲಿಗೇ ಬಂತು. ಅದಕ್ಕೆ ಬೇರೆ ಸಂಬಳವಿರಲಿಲ್ಲ, ಜಂಬ ಮಾತ್ರ ಬೇಕಾದಷ್ಟಿತ್ತು.

ಮುಟ್ಟಾದವಳನ್ನು ನಮ್ಮ ಮನೆಯಲ್ಲಿ ಹೊರಗಾಗಿದ್ದಾಳೆ ಎನ್ನುತ್ತಿದ್ದರು. ಗಂಡಹೆಂಡಿರ ಸಂಗತಿಗಂತೂ ಮಾತೇ ಇರಲಿಲ್ಲ, ಕೆಮ್ಮಿ ಸುಮ್ಮನಾಗುತ್ತಿದ್ದರು. ದವಾಖಾನೆಯಲ್ಲೂ ನಾನು ಅದನ್ನೇ ನಡೆಸಿದೆ. ಹೆಂಗಸರು ಇದ್ದದ್ದು ಇದ್ದ ಹಾಗೆ ಹೇಳಿದ್ದನ್ನು ಒಪ್ಪಮಾಡಿ, ನಾಲ್ಕು ಜನರ ಮುಂದೆ ಆಡಬಹುದಾದಂತೆ ಡಾಕ್ಟರರಿಗೆ ಹೇಳುತ್ತಿದ್ದೆ. ಇದು ನನ್ನ ಜಾಣತನ ಎಂದೇ ತಿಳಿದಿದ್ದೆ.

ವಿಜಾಪುರದ ಕಡೆಯ ಆ ಹುಡುಗಿ ಅತ್ತೆಯ ಜೊತೆ ಬಂದಾಗ ಅವಳ ಮದುವೆಯಾಗಿ ಒಂದು ವರ್ಷವೂ ಆಗಿರಲಿಲ್ಲ. ಗಂಡ ಭಾಂಡುಪಿನ ಕಾರ್ಖಾನೆಯೊಂದರಲ್ಲಿದ್ದ. ಚಾಳಿನ ಒಂದೇ ಖೋಲಿಯಲ್ಲಿ ಸಂಸಾರ, ಅತ್ತೆ ಹೊರಗೆ ಗ್ಯಾಲರಿಯಲ್ಲಿ ಮಲಗುತ್ತಿದ್ದಳು. ಎಷ್ಟೋ ಬೆಳಗು ಸೊಸೆಯ ಕೌದಿ ಒದ್ದೆಯಾಗಿರುತ್ತಿತ್ತು. ಅದನ್ನು ಅದೇ ಗ್ಯಾಲರಿಯಲ್ಲಿ ಒಣಹಾಕಬೇಕು, ಇಡೀ ಚಾಳು ನೋಡಬೇಕು. ಇಷ್ಟು ದೊಡ್ಡವಳು ಹಾಸಿಗೆಯಲ್ಲಿ ಉಚ್ಚೆ ಹೊಯ್ದುಕೊಳ್ಳುತ್ತಾಳೆ ಎಂದು ನೆರೆಯವರು ಆಡಿಕೊಂಡರಂತೆ. ವಾಸಿಯಾಗದಿದ್ದರೆ ತವರಿಗೆ ಕಳಿಸಿ ಕೈತೊಳೆದುಕೊಳ್ಳುತ್ತೇವೆ ಎಂದು ಅತ್ತೆ ನನ್ನ ಮುಂದೆಯೇ ಹೇಳಿದಳು. ಹುಡುಗಿ ಸೆರಗಿನ ತುದಿ ಕಚ್ಚಿಕೊಂಡು ನಿಂತಿದ್ದಳು.

ಅತ್ತೆ ನೀರು ಕುಡಿಯಲು ಹೋದಾಗ ಅವಳು ನನ್ನ ಮೇಜಿನ ಮೇಲೆ ಬಗ್ಗಿದಳು. "ಅಕ್ಕಾರ, ಅವರ ಕೂಡ ಇದ್ದಾಗಷ್ಟ ಆಗ್ತದ್ರಿ. ನಿದ್ದ್ಯಾಗ ಒಮ್ಮೆನೂ ಆಗಿಲ್ಲ. ಡಾಕ್ಟರಗ ಹೇಳ್ರಿ."

ನನ್ನ ಕಿವಿ ಬಿಸಿಯಾಯಿತು. ಹೂಂ ಎಂದೆ.

ಒಳಗೆ ಇಬ್ಬರಿದ್ದರು. ಒಬ್ಬರು ವಾರಕ್ಕೊಮ್ಮೆ ಬರುತ್ತಿದ್ದ, ತಲೆನರೆತ ದೊಡ್ಡ ಡಾಕ್ಟರು. ಇನ್ನೊಬ್ಬರು ಆಗಷ್ಟೇ ಸೇರಿದ್ದ ಲೇಡಿ ಡಾಕ್ಟರು. ದೊಡ್ಡವರು ಪರೀಕ್ಷೆ ಮಾಡಿ, ಮೂತ್ರಕೋಶದ ಬಾಯಿ ಸಡಿಲವಾಗಿದೆ, ಆಪರೇಷನ್ ಮಾಡಿ ಬಿಗಿ ಮಾಡೋಣ ಎಂದರು. ಲೇಡಿ ಡಾಕ್ಟರು ಒಪ್ಪಲಿಲ್ಲ. ಹೆಂಗಸರ ಮೂತ್ರನಾಳದ ಸುತ್ತ ಸಣ್ಣ ಗ್ರಂಥಿಗಳಿವೆ, ಸುಖದ ಹೊತ್ತಿನಲ್ಲಿ ಕೆಲವರಿಗೆ ಅಲ್ಲಿಂದ ಒಂದು ದ್ರವ ಬರುತ್ತದೆ, ಅದು ಮೂತ್ರವಲ್ಲ ಎಂದು ಪರದೇಶದ ವೈದ್ಯರೊಬ್ಬರು ಬರೆದದ್ದನ್ನು ಓದಿದ್ದೇನೆ, ಹಾಗಿದ್ದರೆ ಇದು ರೋಗವೇ ಅಲ್ಲ ಎಂದರು. ದೊಡ್ಡವರು ನಕ್ಕುಬಿಟ್ಟರು. ಬರೆಯುವವರಿಗೇನು, ಆ ದಾರಿಯಲ್ಲಿ ಮೂತ್ರವಲ್ಲದೆ ಇನ್ನೇನು ಬಂದೀತು ಎಂದರು. ಇಂಗ್ಲಿಷಿನಲ್ಲಿ ಬಹಳ ಹೊತ್ತು ವಾದವಾಯಿತು. ಮಲಗಿದ್ದವಳು ಸುಮ್ಮನೆ ಛಾವಣಿ ನೋಡುತ್ತಿದ್ದಳು, ಅವಳ ಮೈಯ ಮೇಲೆ ನಡೆದ ವಾದದ ಒಂದಕ್ಷರವೂ ಅವಳಿಗೆ ತಿಳಿಯುತ್ತಿರಲಿಲ್ಲ. ಆ ವಾದ ವೈದ್ಯರ ನಡುವೆ ಇವತ್ತಿಗೂ ಪೂರ್ತಿ ಮುಗಿದಿಲ್ಲವಂತೆ. ಮೊನ್ನೆ ಪತ್ರಿಕೆಯಲ್ಲಿ ಅದನ್ನು ಓದಿ, ಚಹಾ ಆರಿಹೋಗುವವರೆಗೂ ಕೂತಿದ್ದೆ.

ಕೊನೆಗೆ ಲೇಡಿ ಡಾಕ್ಟರು ನನ್ನ ಕಡೆ ತಿರುಗಿದರು. ನಿದ್ದೆಯಲ್ಲಿ ಆಗುತ್ತದೆಯೋ, ಗಂಡನ ಜೊತೆ ಸೇರಿದಾಗ ಮಾತ್ರವೋ, ಸರಿಯಾಗಿ ಕೇಳು, ಎಲ್ಲವೂ ಇದರ ಮೇಲೆಯೇ ನಿಂತಿದೆ ಎಂದರು. ಉತ್ತರ ನನಗೆ ಗೊತ್ತಿತ್ತು. ಆದರೆ ಪರದೆಯ ಆಚೆ ಅತ್ತೆ ನಿಂತಿದ್ದಳು, ದೊಡ್ಡ ಡಾಕ್ಟರು ಕನ್ನಡಕದ ಮೇಲಿನಿಂದ ನನ್ನನ್ನೇ ನೋಡುತ್ತಿದ್ದರು. ಮದುವೆಯಾಗದ ಹುಡುಗಿ ಇಂಥ ಮಾತನ್ನು ಗಂಡಸಿನೆದುರು ಆಡಿದಳಲ್ಲ ಎಂದುಕೊಂಡಾರು ಎಂಬ ಭಯ. ಹುಡುಗಿಯತ್ತ ಬಗ್ಗಿ, "ರಾತ್ರಿ ಆಗ್ತದಲ್ಲ?" ಎಂದಷ್ಟೇ ಕೇಳಿದೆ.

ಅವಳು ನನ್ನನ್ನು ನಂಬಿದ್ದಳು. "ಹೂಂರಿ," ಎಂದಳು.

ರಾತ್ರಿ ಹಾಸಿಗೆಯಲ್ಲಿ ಆಗುತ್ತದಂತೆ ಎಂದು ಇಂಗ್ಲಿಷಿನಲ್ಲಿ ಹೇಳಿದೆ. ಲೇಡಿ ಡಾಕ್ಟರು ಇನ್ನೊಮ್ಮೆ ಕೇಳು ಎಂದರು. ಅದೇ ಪ್ರಶ್ನೆಯನ್ನೇ ಇನ್ನೊಮ್ಮೆ ಕೇಳಿ, ಅದೇ ಉತ್ತರ ಒಪ್ಪಿಸಿದೆ. ಅವರು ಕೇಸ್ ಪೇಪರನ್ನು ದೊಡ್ಡವರ ಕಡೆ ಸರಿಸಿದರು, ಆಪರೇಷನ್ ಎಂದೇ ಆಯಿತು. ಒಪ್ಪಿಗೆಯ ಕಾಗದದ ಮೇಲೆ ಒತ್ತಲು ಹುಡುಗಿಯ ಹೆಬ್ಬೆಟ್ಟಿಗೆ ಶಾಯಿ ಹಚ್ಚಿದವಳೂ ನಾನೇ.

ನಾನು ಸುಳ್ಳು ಹೇಳಲಿಲ್ಲ, ರಾತ್ರಿಯೇ ತಾನೇ ಆಗುತ್ತಿದ್ದದ್ದು ಎಂದು ಬಹಳ ವರ್ಷ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಎಂಥ ಸಮಾಧಾನ! ಅದು ಸುಳ್ಳೇ. ನನ್ನ ಮರ್ಯಾದೆ ಉಳಿಸಿಕೊಳ್ಳಲು ಅವಳನ್ನು ಕತ್ತರಿಯ ಕೆಳಗೆ ಮಲಗಿಸಿದೆ. ನೆನೆದರೆ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಎರಡು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಅವಳು ಮತ್ತೆ ಬಂದಳು. ತವರಿಗೆ ಕರೆದೊಯ್ಯಲು ಬಂದಿದ್ದ ತಂದೆ ಟ್ರಂಕು ಇಟ್ಟುಕೊಂಡು ಗೇಟಿನ ಹೊರಗೆ ನಿಂತಿದ್ದ. ಹೊಲಿಗೆ ಕೀವಾಗಿ ಬಿಟ್ಟುಹೋಯಿತಂತೆ, ಈಗ ಹಗಲೂ ರಾತ್ರಿಯೂ ಸೋರುತ್ತದಂತೆ, ಗಂಡ ಹತ್ತಿರ ಬರುವುದಿಲ್ಲವಂತೆ. ಇದನ್ನೆಲ್ಲ ಅವಳು ಬಾಗಿಲಲ್ಲೇ ನಿಂತು ಹೇಳಿದಳು. ಒಳಗೆ ಬಂದು ಕೂತುಕೋ ಎಂದೆ. ಬರಲಿಲ್ಲ. ಬಯ್ಯುತ್ತಾಳೆ ಎಂದು ಕಾದೆ, ಬಯ್ಯಲೂ ಇಲ್ಲ.

"ಆಗ ಬರ್ತಿದ್ದದ್ದಕ್ಕ ವಾಸನಿ ಇರಲಿಲ್ರಿ, ಅಕ್ಕಾರ," ಎಂದಳು. "ಈಗ ಅದ. ಅದಕ್ಕ ಇಲ್ಲೇ ನಿಂತೀನಿ."